ಲೇಸರ್ ಚಿಕಿತ್ಸೆಯ ನಂತರದ ಕಣ್ಣೀರು



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಸಾರ್ವಜನಿಕರ ಎದುರಿನಲ್ಲಿ ಹೇಳಿಸಬೇಕು ಎಂಬ ಆಶಯದಿಂದ ನೆಲೆಗೊಂಡ ದತ್ತಿಯ ಉಪನ್ಯಾಸ ಇದು. ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯ ನಂತರ ಕಣ್ಣೀರಿನ ರಸಾಯನದಲ್ಲಿ ಏನೇನು ಬದಲಾಗುತ್ತದೆ ಎಂಬುದು ನಾನು ಆರಿಸಿಕೊಂಡ ವಿಷಯ.

ಇದನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಮೊದಲೇ ಹೇಳುತ್ತೇನೆ. ಮದುವೆ ಗೊತ್ತಾದ ಹುಡುಗಿ, ಹೊಸ ಕೆಲಸಕ್ಕೆ ಸೇರುವ ಹುಡುಗ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಇಂಜಿನಿಯರ್, ಇವರೆಲ್ಲ ಇಂದು ಈ ಚಿಕಿತ್ಸೆಗೆ ಹೋಗುತ್ತಾರೆ. ಮರುದಿನವೇ ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರ ಓದುತ್ತಾರೆ; ಮನೆಯವರಿಗೆಲ್ಲ ಸಂತೋಷ. ಅವರಲ್ಲಿ ಕೆಲವರು ಒಂದೆರಡು ತಿಂಗಳಾದ ಮೇಲೆ ಮರಳಿ ಬರುತ್ತಾರೆ. "ಚೆನ್ನಾಗಿ ಕಾಣುತ್ತೆ ಡಾಕ್ಟ್ರೇ, ಆದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತೆ. ಸಂಜೆಯಾದರೆ ಉರಿ" ಎನ್ನುತ್ತಾರೆ. ಕಣ್ಣು ಪರೀಕ್ಷಿಸಿದಾಗ 6/6 ಇರುತ್ತದೆ. "ಏನೂ ತೊಂದರೆ ಇಲ್ಲ, ಸುಮ್ಮನೆ ಯೋಚನೆ ಮಾಡಬೇಡಿ" ಎಂಬ ಉತ್ತರ ಸಿಗುವುದೂ ಉಂಟು. ಆ ತೊಂದರೆ ಅವರ ಕಲ್ಪನೆಯಲ್ಲ. ಅಕ್ಷರಫಲಕಕ್ಕೆ ಅದನ್ನು ತೋರಿಸುವ ಶಕ್ತಿಯಿಲ್ಲ, ಕಣ್ಣೀರಿಗೆ ಇದೆ. ಈ ಚಿಕಿತ್ಸೆಯ ಯಶಸ್ಸನ್ನು ದೃಷ್ಟಿಯಿಂದ ಅಳೆಯುವಂತೆಯೇ ಕಣ್ಣೀರಿನಿಂದಲೂ ಅಳೆಯಬೇಕು ಎಂಬುದು ಇಂದಿನ ನನ್ನ ವಾದ.

ಮೂರು ಮೈಕ್ರಾನ್ ದಪ್ಪದ ಪದರ

ಕಣ್ಣೀರು ಎಂದೊಡನೆ ನಮಗೆ ನೆನಪಾಗುವುದು ಅಳು. ನಾನು ಹೇಳುತ್ತಿರುವುದು ಅಳದಿದ್ದಾಗಲೂ ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ಪದರದ ಬಗ್ಗೆ. ಅದರ ದಪ್ಪ ಸುಮಾರು 3 ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಭಾಗದ ಆಸುಪಾಸು. ಒಂದು ಕಣ್ಣಿನಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಕಣ್ಣೀರು ಸುಮಾರು 7 ಮೈಕ್ರೊಲೀಟರ್. ಡ್ರಾಪ್ಸ್ ಬಾಟಲಿಯಿಂದ ಬೀಳುವ ಒಂದು ಹನಿಯಲ್ಲಿ ಅದರ ಐದಾರು ಪಟ್ಟು ದ್ರವ ಇರುತ್ತದೆ. ನಿಮಿಷಕ್ಕೆ ಒಂದೆರಡು ಮೈಕ್ರೊಲೀಟರ್ ಹೊಸದಾಗಿ ಬರುತ್ತದೆ. ಸ್ವಲ್ಪ ಭಾಗ ಆವಿಯಾಗಿ, ಉಳಿದದ್ದು ರೆಪ್ಪೆಯ ಒಳಮೂಲೆಯ ಸಣ್ಣ ರಂಧ್ರಗಳ ಮೂಲಕ ಮೂಗಿಗೆ ಇಳಿಯುತ್ತದೆ.

ಈ ಪದರಕ್ಕೆ ಮೂರು ಮೂಲಗಳಿವೆ. ರೆಪ್ಪೆಯ ಅಂಚಿನ ಮೈಬೋಮಿಯನ್ ಗ್ರಂಥಿಗಳು ಜಿಡ್ಡು ಕೊಡುತ್ತವೆ. ನೀರು ಬೇಗ ಆವಿಯಾಗದಂತೆ ತಡೆಯುವುದು ಅದು. ಕಣ್ಣೀರ ಗ್ರಂಥಿಗಳು ಲವಣ ಮತ್ತು ಪ್ರೋಟೀನು ಬೆರೆತ ನೀರನ್ನು ಕೊಡುತ್ತವೆ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯಲ್ಲಿರುವ ಗಾಬ್ಲೆಟ್ ಕೋಶಗಳು ಲೋಳೆಯನ್ನು ಕೊಡುತ್ತವೆ. ಆ ಲೋಳೆಯಿಂದಾಗಿ ನೀರು ಕಣ್ಣಿಗೆ ಹರಡಿಕೊಂಡು ನಿಲ್ಲುತ್ತದೆ. ಮೂರರಲ್ಲಿ ಒಂದು ಕೆಟ್ಟರೂ ಪದರ ಒಡೆಯುತ್ತದೆ. ಸಾಮಾನ್ಯವಾಗಿ ರೆಪ್ಪೆ ಬಡಿದ ಮೇಲೆ ಹತ್ತು ಸೆಕೆಂಡಾದರೂ ಪದರ ಒಡೆಯದೆ ಉಳಿಯಬೇಕು ಎಂದು ವೈದ್ಯರು ಎಣಿಸುತ್ತಾರೆ.

ಕಣ್ಣೀರಿನ ರಸಾಯನ ಎಷ್ಟು ಸಮೃದ್ಧ ಎಂಬುದನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಬ್ಬರು. ಪೆನಿಸಿಲಿನ್‌ಗೂ ಆರು ವರ್ಷ ಮೊದಲು, 1922ರಲ್ಲಿ, ಬ್ಯಾಕ್ಟೀರಿಯಾಗಳನ್ನು ಕರಗಿಸುವ ಲೈಸೊಜೈಮ್ ಎಂಬ ಕಿಣ್ವವನ್ನು ಅವರು ವರ್ಣಿಸಿದರು. ಅದು ಹೇರಳವಾಗಿ ಸಿಗುವ ಜಾಗಗಳಲ್ಲಿ ಕಣ್ಣೀರೂ ಒಂದಾಗಿತ್ತು. ಪ್ರಯೋಗಕ್ಕೆ ಕಣ್ಣೀರು ಬೇಕಾದಾಗ ನಿಂಬೆಸಿಪ್ಪೆ ಹಿಂಡಿ ತರಿಸುತ್ತಿದ್ದರು. ಇಂದು ಕಣ್ಣೀರಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತಿಸಲಾಗಿದೆ. ಲೈಸೊಜೈಮ್, ಲ್ಯಾಕ್ಟೊಫೆರಿನ್, ಲೈಪೊಕ್ಯಾಲಿನ್, ಇಮ್ಯುನೊಗ್ಲಾಬ್ಯುಲಿನ್ ಎ ಇವುಗಳಲ್ಲಿ ಮುಖ್ಯವಾದವು. ಅತ್ಯಲ್ಪ ಪ್ರಮಾಣದಲ್ಲಿ ಬೆಳವಣಿಗೆ ಅಂಶಗಳೂ ಉರಿಯೂತದ ಸಂದೇಶವಾಹಕಗಳಾದ ಸೈಟೊಕೈನ್‌ಗಳೂ ಇವೆ. ಕಾರ್ನಿಯಾಕ್ಕೆ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ, ರಕ್ತನಾಳಗಳಿಲ್ಲ. ಗಾಯವಾದರೆ ಅದನ್ನು ಮಾಗಿಸುವ ಪದಾರ್ಥಗಳಲ್ಲಿ ಹೆಚ್ಚಿನವು ಕಣ್ಣೀರಿನ ಮೂಲಕವೇ ಅಲ್ಲಿಗೆ ಮುಟ್ಟಬೇಕು.

ಲೇಸರ್ ಕಣ್ಣಿಗೆ ಬಂದದ್ದು

ಈ ಚಿಕಿತ್ಸೆಯ ಮೂಲದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಒಬ್ಬ ರಸಾಯನಶಾಸ್ತ್ರಜ್ಞರಿದ್ದಾರೆ. ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಜೇಮ್ಸ್ ವೈನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಂದಿಗೆ ಎಕ್ಸೈಮರ್ ಲೇಸರ್ ಮೇಲೆ ಕೆಲಸ ಮಾಡುತ್ತಿದ್ದರು. 1981ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ 193 ನ್ಯಾನೊಮೀಟರ್ ತರಂಗಾಂತರದ ಕಿರಣ ಹಾಯಿಸಿದರು. ಅಕ್ಕಪಕ್ಕ ಸುಡದೆ ಅಚ್ಚುಕಟ್ಟಾದ ಗೀರು ಬಿತ್ತು. ಈ ಅತಿನೇರಳೆ ಬೆಳಕಿನ ಒಂದೊಂದು ಕಣಕ್ಕೂ ಅಣುಗಳ ಬಂಧ ಬಿಡಿಸುವಷ್ಟು ಶಕ್ತಿ ಇರುವುದರಿಂದ, ಕಿರಣ ತಾಗಿದ ಅಂಗಾಂಶ ಬಿಡಿಬಿಡಿಯಾಗಿ ಹಾರಿಹೋಗುತ್ತದೆ. ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಅವರು ಶ್ರೀನಿವಾಸನ್ ಜೊತೆ ಸೇರಿ 1983ರಲ್ಲಿ ಇದನ್ನು ಕಾರ್ನಿಯಾದ ಮೇಲೆ ತೋರಿಸಿದರು. 1988ರಲ್ಲಿ ಮಾರ್ಗರೆಟ್ ಮೆಕ್‌ಡೊನಾಲ್ಡ್ ಅವರು ದೃಷ್ಟಿಯಿರುವ ಮನುಷ್ಯರ ಕಣ್ಣಿಗೆ ಇದನ್ನು ಬಳಸಿದರು.

ಈಗ ಮೂರು ಬಗೆಯ ಚಿಕಿತ್ಸೆಗಳು ರೂಢಿಯಲ್ಲಿವೆ. ಪಿಆರ್‌ಕೆಯಲ್ಲಿ ಕಾರ್ನಿಯಾದ ಹೊರಚರ್ಮದ ಕೋಶಗಳನ್ನು ಕೆರೆದು ತೆಗೆದು ಅದರ ಕೆಳಗಿನ ಮೇಲ್ಮೈಗೇ ಲೇಸರ್ ಹಾಯಿಸುತ್ತಾರೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಇಯೋನಿಸ್ ಪಲ್ಲಿಕಾರಿಸ್ ಅವರು ರೂಪಿಸಿದ ಲೇಸಿಕ್‌ನಲ್ಲಿ 100ರಿಂದ 120 ಮೈಕ್ರಾನ್ ದಪ್ಪದ ಒಂದು ಪದರವನ್ನು, ಅಂದರೆ ಫ್ಲ್ಯಾಪನ್ನು, ಒಂದು ಬದಿ ಅಂಟಿಕೊಂಡಿರುವಂತೆ ಕತ್ತರಿಸಿ ಎತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಈಚಿನ ಸ್ಮೈಲ್ ವಿಧಾನದಲ್ಲಿ ಫೆಮ್ಟೊಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ತೆಳುವಾದ ಬಿಲ್ಲೆಯೊಂದನ್ನು ಬಿಡಿಸುತ್ತದೆ; ಅದನ್ನು 2ರಿಂದ 4 ಮಿಲಿಮೀಟರಿನ ಸಣ್ಣ ಸೀಳಿನಿಂದ ಹೊರತೆಗೆಯುತ್ತಾರೆ. ತೆಗೆಯುವ ಅಂಗಾಂಶ ಎಷ್ಟು ಕಡಿಮೆ ಎಂದರೆ, ಎಕ್ಸೈಮರ್ ಲೇಸರ್ 6 ಮಿಲಿಮೀಟರ್ ವ್ಯಾಸದಲ್ಲಿ ಒಂದು ಡಯಾಪ್ಟರ್ ಪವರ್ ಇಳಿಸಲು ಸುಮಾರು 12 ಮೈಕ್ರಾನ್ ಸಾಕು. ಇಷ್ಟು ಸೂಕ್ಷ್ಮವಾದ ಕೆಲಸ ಅಷ್ಟು ವ್ಯಾಪಕವಾದ ರಾಸಾಯನಿಕ ಬದಲಾವಣೆಗೆ ಕಾರಣವಾಗುವುದು ಹೇಗೆ? ಉತ್ತರ ಇರುವುದು ನರಗಳಲ್ಲಿ.

ಕತ್ತರಿಸಿದ ನರಗಳು

ದೇಹದಲ್ಲಿ ನರತುದಿಗಳು ಅತ್ಯಂತ ದಟ್ಟವಾಗಿರುವ ಅಂಗಾಂಶಗಳಲ್ಲಿ ಕಾರ್ನಿಯಾ ಒಂದು. ಚರ್ಮಕ್ಕಿಂತ ಮುನ್ನೂರರಿಂದ ಆರುನೂರು ಪಟ್ಟು ದಟ್ಟ ಎಂದು ಅಂದಾಜಿದೆ. ಈ ನರಗಳು ಕಾರ್ನಿಯಾದ ಅಂಚಿನಿಂದ ಒಳಬಂದು, ಮೇಲಕ್ಕೆ ಏರಿ, ಹೊರಚರ್ಮದ ಕೆಳಗೆ ಹೆಣೆದುಕೊಳ್ಳುತ್ತವೆ. ಪದರ ಸ್ವಲ್ಪ ಒಣಗಿದರೂ, ತಂಪಾದರೂ ಇವು ಟ್ರೈಜೆಮಿನಲ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಕಣ್ಣೀರ ಗ್ರಂಥಿಗೂ ರೆಪ್ಪೆಗೂ ಆದೇಶ ಹೋಗುತ್ತದೆ. ಕಾರ್ನಿಯಾ, ನರ, ಗ್ರಂಥಿ, ರೆಪ್ಪೆ ಎಲ್ಲವೂ ಒಂದೇ ಘಟಕವಾಗಿ ಕೆಲಸ ಮಾಡುತ್ತವೆ.

ಲೇಸಿಕ್ ಫ್ಲ್ಯಾಪ್ ಕತ್ತರಿಸುವಾಗ ಅಂಟಿಕೊಂಡ ಬದಿಯ ನರಗಳನ್ನು ಬಿಟ್ಟು ಉಳಿದವು ತುಂಡಾಗುತ್ತವೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲ ವಾರಗಳಲ್ಲಿ ಹೊರಚರ್ಮದ ಕೆಳಗಿನ ನರಜಾಲ ಬಹುಪಾಲು ಕಾಣುವುದೇ ಇಲ್ಲ. ಮುಟ್ಟಿದರೆ ತಿಳಿಯುವ ಸಂವೇದನೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮರಳುತ್ತದೆ. ನರಗಳ ದಟ್ಟಣೆ ಮರಳಲು ಇನ್ನೂ ಹೆಚ್ಚು ಕಾಲ ಬೇಕು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿಆರ್‌ಕೆ ಆದ ಕಣ್ಣುಗಳಿಗೆ ಎರಡು ವರ್ಷ, ಲೇಸಿಕ್ ಆದ ಕಣ್ಣುಗಳಿಗೆ ಐದು ವರ್ಷ ಹಿಡಿಯಿತು. ಲೇಸಿಕ್ ನಂತರ ದೃಷ್ಟಿ ಒಂದೇ ದಿನದಲ್ಲಿ ಸರಿಹೋಗುತ್ತದೆ, ನರ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಈ ಎರಡು ಕಾಲಮಾನಗಳ ಅಂತರದಲ್ಲಿಯೇ ರೋಗಿಯ ಅಳಲು ಹುಟ್ಟುತ್ತದೆ.

ಮೊದಲ ದಿನಗಳು

ಗಾಯದ ಮೊದಲ ಗಂಟೆಗಳಲ್ಲಿ ಕಾರ್ನಿಯಾದ ಹೊರಚರ್ಮದ ಕೋಶಗಳು ಇಂಟರ್‌ಲ್ಯೂಕಿನ್-1 ಎಂಬ ಸೈಟೊಕೈನನ್ನು ಬಿಡುತ್ತವೆ. ಅದು ತಾಗಿದ ಕಡೆ ಒಳಗಿನ ಕೆರಾಟೊಸೈಟ್ ಕೋಶಗಳು ತಾವಾಗಿಯೇ ಸಾಯುತ್ತವೆ. ಉಳಿದವು ಎಚ್ಚೆತ್ತು ಗಾಯ ಮಾಗಿಸುವ ಕೆಲಸಕ್ಕೆ ಇಳಿಯುತ್ತವೆ. ಈ ಚಟುವಟಿಕೆಯ ಗುರುತು ಕಣ್ಣೀರಿನಲ್ಲಿ ಮೂಡುತ್ತದೆ. 1990ರ ದಶಕದಲ್ಲಿ ಫಿನ್‌ಲೆಂಡಿನ ಸಂಶೋಧಕರು ಪಿಆರ್‌ಕೆ ಆದವರ ಕಣ್ಣೀರನ್ನು ಸಂಗ್ರಹಿಸಿ ಟಿಜಿಎಫ್-ಬೀಟಾ, ಟಿಎನ್‌ಎಫ್-ಆಲ್ಫಾ ಮತ್ತು ಹೆಪಟೊಸೈಟ್ ಬೆಳವಣಿಗೆ ಅಂಶಗಳು ಮೊದಲ ದಿನಗಳಲ್ಲಿ ಹೆಚ್ಚಾಗಿ ಬಿಡುಗಡೆಯಾಗುವುದನ್ನು ತೋರಿಸಿದರು.

ಇದನ್ನು ಅಳೆಯುವಲ್ಲಿ ಒಂದು ತೊಡಕಿತ್ತು. ಪಿಆರ್‌ಕೆ ಆದ ಮೊದಲೆರಡು ದಿನ ನೋವಿನಿಂದ ಕಣ್ಣಲ್ಲಿ ನೀರು ಸುರಿಯುತ್ತದೆ. ಆ ನೀರಿನಲ್ಲಿ ಯಾವುದೇ ಪದಾರ್ಥದ ಸಾಂದ್ರತೆಯನ್ನು ಮಾತ್ರ ನೋಡಿದರೆ ಅದು ಕಡಿಮೆಯಾದಂತೆ ತೋರಬಹುದು. ಆದ್ದರಿಂದ ನಿಮಿಷಕ್ಕೆ ಎಷ್ಟು ಕಣ್ಣೀರು ಹರಿಯಿತು ಎಂಬುದನ್ನೂ ಅಳೆದು, ಸಾಂದ್ರತೆಯೊಂದಿಗೆ ಗುಣಿಸಿ, ನಿಮಿಷಕ್ಕೆ ಬಿಡುಗಡೆಯಾದ ಮೊತ್ತವನ್ನು ಅವರು ಲೆಕ್ಕ ಹಾಕಿದರು. ಕಣ್ಣೀರಿನ ಬಗ್ಗೆ ಯಾವುದೇ ಸಂಖ್ಯೆ ಕಂಡರೂ, ಅದನ್ನು ಹರಿವಿನ ಜೊತೆ ಇಟ್ಟು ನೋಡಿದ್ದಾರೆಯೇ ಎಂದು ಕೇಳುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು.

ಟಿಜಿಎಫ್-ಬೀಟಾ ಗಾಯ ಮಾಗಿಸಲು ಬೇಕೇ ಬೇಕು. ಅದು ಅತಿಯಾದರೆ, ಬಹಳ ದಿನ ಉಳಿದರೆ, ಕೆರಾಟೊಸೈಟ್‌ಗಳು ಮಯೊಫೈಬ್ರೊಬ್ಲಾಸ್ಟ್‌ಗಳಾಗಿ ಮಾರ್ಪಟ್ಟು ಕಾರ್ನಿಯಾದಲ್ಲಿ ಮಬ್ಬು ಕವಿಯುತ್ತದೆ. ಹೆಚ್ಚು ಪವರ್ ಇರುವವರಿಗೆ ಪಿಆರ್‌ಕೆ ಮಾಡುವಾಗ ಮೈಟೊಮೈಸಿನ್ ಎಂಬ ಔಷಧವನ್ನು ಕ್ಷಣಕಾಲ ತಾಗಿಸುವುದು ಈ ಕೋಶಗಳು ಬೇಕಾಬಿಟ್ಟಿ ಹೆಚ್ಚದಂತೆ ತಡೆಯಲು.

ನರಬೆಳವಣಿಗೆ ಅಂಶದ ಕಥೆ ಇನ್ನೂ ಕುತೂಹಲಕರ. ಇದರ ಶೋಧಕ್ಕಾಗಿ ರೀಟಾ ಲೆವಿ-ಮೊಂತಾಲ್ಚೀನಿ ಅವರು ಸ್ಟ್ಯಾನ್ಲಿ ಕೋಹೆನ್ ಜೊತೆ 1986ರ ನೊಬೆಲ್ ಪಡೆದರು. ಲೇಸರ್ ಚಿಕಿತ್ಸೆಯ ನಂತರ ಕಣ್ಣೀರಿನಲ್ಲಿ ಇದರ ಪ್ರಮಾಣ ಏರುತ್ತದೆ. ಲೇಸಿಕ್ ಮತ್ತು ಸ್ಮೈಲ್ ಹೋಲಿಸಿದ ಚೀನಾದ ಒಂದು ಅಧ್ಯಯನದಲ್ಲಿ ಮೊದಲ ದಿನಗಳಲ್ಲಿ ಲೇಸಿಕ್ ಆದ ಕಣ್ಣುಗಳಲ್ಲಿ ಈ ಅಂಶವೂ, ಉರಿಯೂತ ಸೂಚಿಸುವ ಇಂಟರ್‌ಲ್ಯೂಕಿನ್-6 ಕೂಡ ಹೆಚ್ಚಿದ್ದವು. ಸೀಳು ದೊಡ್ಡದಾದಷ್ಟೂ ಗಾಯದ ಗುರುತು ದೊಡ್ಡದು ಎಂಬುದಕ್ಕೆ ಇದು ಹೊಂದುತ್ತದೆ. ಆದರೆ ಇದೇ ನರಬೆಳವಣಿಗೆ ಅಂಶ ತುಂಡಾದ ನರಗಳನ್ನು ಮತ್ತೆ ಚಿಗುರಿಸುತ್ತದೆ. ಅದೇ ವೇಳೆ ನೋವಿನ ನರಗಳನ್ನು ಹೆಚ್ಚು ಸೂಕ್ಷ್ಮವಾಗಿಯೂ ಮಾಡಬಲ್ಲದು. ಹಾಗಾಗಿ ಒಂದು ಸಂಖ್ಯೆ ಏರಿದೆ ಎಂದ ಮಾತ್ರಕ್ಕೆ ಒಳ್ಳೆಯದು, ಇಳಿದಿದೆ ಎಂದ ಮಾತ್ರಕ್ಕೆ ಕೆಟ್ಟದ್ದು ಎಂದು ತೀರ್ಮಾನಿಸಲಾಗದು. ಎಷ್ಟನೆಯ ದಿನ, ಯಾವ ಚಿಕಿತ್ಸೆ, ಎಷ್ಟು ಹರಿವು ಎಂಬುದನ್ನೆಲ್ಲ ಸೇರಿಸಿ ಓದಬೇಕು.

ಉಪ್ಪೇರುವುದು, ಉರಿಯೇರುವುದು

ಮೊದಲ ವಾರಗಳು ಕಳೆದು ಗಾಯ ಮಾಗಿದ ಮೇಲೆ ಎರಡನೆಯ ಅಧ್ಯಾಯ ತೆರೆಯುತ್ತದೆ. ನರಗಳಿಂದ ಸುದ್ದಿ ಹೋಗದಿದ್ದರೆ ಗ್ರಂಥಿ ಕಡಿಮೆ ಕಣ್ಣೀರು ಸುರಿಸುತ್ತದೆ. ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಒಳಹರಿವು ನಿಂತ ಕೆರೆಯಲ್ಲಿ ಉಳಿದ ನೀರು ದಿನೇ ದಿನೇ ಸವುಳಾಗುವಂತೆ, ಕಣ್ಣಿನ ಮೇಲಿನ ಪದರದಲ್ಲಿಯೂ ಲವಣ ಸಾಂದ್ರವಾಗುತ್ತದೆ. ಆರೋಗ್ಯವಂತ ಕಣ್ಣೀರಿನ ಆಸ್ಮೊಲಾರಿಟಿ ಲೀಟರಿಗೆ ಸುಮಾರು 300 ಮಿಲಿಆಸ್ಮೋಲ್. ಅದು 308 ದಾಟಿದರೆ, ಅಥವಾ ಎರಡು ಕಣ್ಣುಗಳ ನಡುವೆ ಎಂಟಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ವೈದ್ಯರು ಎಚ್ಚರಗೊಳ್ಳುತ್ತಾರೆ.

ಈ ಉಪ್ಪು ಸುಮ್ಮನಿರುವುದಿಲ್ಲ. ಕಾರ್ನಿಯಾದ ಹೊರಕೋಶಗಳಿಂದ ನೀರು ಎಳೆಯುತ್ತದೆ. ಒತ್ತಡಕ್ಕೆ ಸಿಕ್ಕ ಕೋಶಗಳು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್-ಆಲ್ಫಾ ಮತ್ತು ಎಂಎಂಪಿ-9 ಎಂಬ ಕಿಣ್ವವನ್ನು ಬಿಡುತ್ತವೆ. ಎಂಎಂಪಿ-9 ಕೋಶಗಳ ನಡುವಿನ ಬೆಸುಗೆಯನ್ನು ಕಡಿಯುತ್ತದೆ. ಉರಿಯೂತದಿಂದ ಗಾಬ್ಲೆಟ್ ಕೋಶಗಳು ಸಾಯುತ್ತವೆ. ಲೇಸಿಕ್‌ನಲ್ಲಿ ಕಣ್ಣನ್ನು ಹಿಡಿದು ನಿಲ್ಲಿಸಲು ಬಳಸುವ ಹೀರುಬಳೆಯ ಒತ್ತಡದಿಂದ ಈ ಕೋಶಗಳಿಗೆ ಮೊದಲೇ ಪೆಟ್ಟು ಬಿದ್ದಿರುತ್ತದೆ. ಲೋಳೆ ಕಡಿಮೆಯಾದಾಗ ಪದರ ಬೇಗ ಒಡೆಯುತ್ತದೆ, ಒಡೆದ ಜಾಗದಲ್ಲಿ ನೀರು ಇನ್ನೂ ಬೇಗ ಆರುತ್ತದೆ, ಲವಣ ಇನ್ನೂ ಏರುತ್ತದೆ. ಹೀಗೆ ಕಾರಣವೇ ಪರಿಣಾಮವಾಗಿ, ಪರಿಣಾಮವೇ ಕಾರಣವಾಗಿ ಚಕ್ರ ಸುತ್ತುತ್ತದೆ. ಬಹುತೇಕರಲ್ಲಿ ನರಗಳು ಮರಳಿದಂತೆ ಚಕ್ರ ತಾನಾಗಿ ನಿಲ್ಲುತ್ತದೆ. ಕೆಲವರಲ್ಲಿ ನಿಲ್ಲುವುದಿಲ್ಲ.

"ಕಣ್ಣಲ್ಲಿ ನೀರು ಸುರಿಯುತ್ತೆ, ನೀವು ನೋಡಿದರೆ ಡ್ರೈ ಅಂತೀರಿ" ಎಂದು ಕೆಲವು ರೋಗಿಗಳು ಗೊಂದಲಪಡುತ್ತಾರೆ. ಪದರ ಒಡೆದು ಕಾರ್ನಿಯಾ ಚುರುಗುಟ್ಟಿದಾಗ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಜಿಡ್ಡೂ ಲೋಳೆಯೂ ಸರಿಯಾದ ಪ್ರಮಾಣದಲ್ಲಿ ಬೆರೆಯದ ಆ ನೀರು ಕಣ್ಣಿಗೆ ಅಂಟಿಕೊಳ್ಳದೆ ಕೆನ್ನೆಗೆ ಇಳಿದುಬಿಡುತ್ತದೆ. ಒಣಗುವಿಕೆಯನ್ನು ನಿರ್ಧರಿಸುವುದು ನೀರಿನ ಪ್ರಮಾಣ ಮಾತ್ರವಲ್ಲ, ಅದರ ಗುಣವೂ ಹೌದು.

ಈ ಒಣಗಣ್ಣು ಎಷ್ಟು ಜನರಿಗೆ ಆಗುತ್ತದೆ? ಅಮೆರಿಕದ ಎಫ್‌ಡಿಎ ಮುಂದಾಳತ್ವದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೇಸಿಕ್‌ಗೆ ಮುನ್ನ ಒಣಗಣ್ಣಿನ ಲಕ್ಷಣವೇ ಇಲ್ಲದಿದ್ದವರಲ್ಲಿ ನೂರಕ್ಕೆ 28ರವರೆಗೂ ಜನ ಮೂರು ತಿಂಗಳ ಹೊತ್ತಿಗೆ ಅಂಥ ಲಕ್ಷಣ ಹೇಳಿಕೊಂಡರು. ಆ ಲಕ್ಷಣಗಳಲ್ಲಿ ಸೌಮ್ಯವಾದವೂ ಸೇರಿವೆ. ಅದೇ ಅಧ್ಯಯನದಲ್ಲಿ ಚಿಕಿತ್ಸೆಯಿಂದ ತೃಪ್ತರಾದವರು ಬಹುಸಂಖ್ಯಾತರು ಎಂಬುದನ್ನೂ ಹೇಳಬೇಕು. ಈ ಚಿಕಿತ್ಸೆಯ ಮೇಲೆ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆ 28 ಜನರನ್ನು ಮೊದಲೇ ಗುರುತಿಸಲು ಸಾಧ್ಯವೇ ಎಂದು ಕೇಳುವುದು ನನ್ನ ಉದ್ದೇಶ.

ಕಣ್ಣೀರನ್ನು ಓದುವುದು

ಕಣ್ಣೀರಿನ ಪರೀಕ್ಷೆ ಹಳೆಯದು. ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ಸೂಚಿಸಿದ ಕಾಗದದ ಪಟ್ಟಿಯನ್ನು ಇಂದಿಗೂ ಕೆಳರೆಪ್ಪೆಯಲ್ಲಿ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತು ಎಂದು ನೋಡುತ್ತಾರೆ. ಅದು ಪ್ರಮಾಣವನ್ನು ಹೇಳುತ್ತದೆ, ಗುಣವನ್ನಲ್ಲ. ಈಗ ಅದೇ ಪಟ್ಟಿಯಿಂದ ಕಣ್ಣೀರನ್ನು ಬಿಡಿಸಿಕೊಂಡು ಹತ್ತಾರು ಸೈಟೊಕೈನ್‌ಗಳನ್ನು ಒಟ್ಟಿಗೇ ಅಳೆಯಬಹುದು. ಕೆಲವೇ ನ್ಯಾನೊಲೀಟರ್ ಕಣ್ಣೀರಿನಿಂದ ಆಸ್ಮೊಲಾರಿಟಿ ಹೇಳುವ ಉಪಕರಣವಿದೆ. ಎಂಎಂಪಿ-9 ಪ್ರಮಾಣ ಮಿಲಿಲೀಟರಿಗೆ 40 ನ್ಯಾನೊಗ್ರಾಮ್ ಮುಟ್ಟಿದೆಯೇ ಎಂಬುದನ್ನು ವೈದ್ಯರ ಕೊಠಡಿಯಲ್ಲೇ ನಿಮಿಷಗಳಲ್ಲಿ ತೋರಿಸುವ ಪಟ್ಟಿಯೂ ಬಂದಿದೆ.

ಈ ಕೆಲಸ ನಮ್ಮ ಬೆಂಗಳೂರಿನಲ್ಲಿಯೂ ನಡೆದಿದೆ ಎಂಬುದು ಹೆಮ್ಮೆಯ ವಿಷಯ. ನಾರಾಯಣ ನೇತ್ರಾಲಯದ ರೋಹಿತ್ ಶೆಟ್ಟಿ, ಅರ್ಕಶುಭ್ರ ಘೋಷ್ ಮತ್ತು ಅವರ ಸಂಗಡಿಗರು ಕೆರಾಟೊಕೋನಸ್ ಎಂಬ ಕಾರ್ನಿಯಾ ರೋಗದಲ್ಲಿ ಎಂಎಂಪಿ-9 ಏರುವುದನ್ನೂ ಸೈಕ್ಲೊಸ್ಪೊರಿನ್ ಹನಿಗಳಿಂದ ಅದು ಇಳಿಯುವುದನ್ನೂ 2015ರಲ್ಲಿ ಪ್ರಕಟಿಸಿದರು. ಮರುವರ್ಷ ಅವರ ತಂಡದ ಇನ್ನೊಂದು ಅಧ್ಯಯನ ಬಂತು. ಪರೀಕ್ಷೆಯಲ್ಲಿ ಒಣಗಣ್ಣಿನ ಚಿಹ್ನೆಗಳು ಅಲ್ಪವಾಗಿ ಕಂಡರೂ ವಿಪರೀತ ನೋವು ಹೇಳಿಕೊಳ್ಳುವವರನ್ನು ಅವರು ಆರಿಸಿಕೊಂಡಿದ್ದರು. ಅಂಥವರ ಕಣ್ಣೀರಿನಲ್ಲಿ ಸೈಟೊಕೈನ್‌ಗಳ ವಿನ್ಯಾಸ ಬೇರೆಯೇ ಆಗಿತ್ತು, ದೇಹದಲ್ಲಿ ವಿಟಮಿನ್ ಡಿ ಕಡಿಮೆ ಇತ್ತು. "ಏನೂ ಕಾಣುತ್ತಿಲ್ಲ" ಎಂದು ವೈದ್ಯರು ಹೇಳಿದವರ ಕಣ್ಣೀರಿನಲ್ಲಿ ಕಾಣುವಂಥದ್ದು ಇತ್ತು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ನನಗೆ ಬೇಕಿಲ್ಲ.

ಇನ್ನೊಂದು ಸಣ್ಣ ಗುಂಪಿದೆ. ಇವರಲ್ಲಿ ನರವೇ ತಪ್ಪು ಸುದ್ದಿ ಕಳಿಸುತ್ತಿರುತ್ತದೆ. ಮರಗಟ್ಟಿಸುವ ಹನಿ ಹಾಕಿದ ಮೇಲೂ ನೋವು ಹೋಗದಿದ್ದರೆ, ನೋವಿನ ಮೂಲ ಕಾರ್ನಿಯಾ ದಾಟಿ ಮಿದುಳಿನ ದಾರಿಯಲ್ಲಿದೆ ಎಂದು ಊಹಿಸಬಹುದು. ಅವರಿಗೆ ಬರಿಯ ಡ್ರಾಪ್ಸ್ ಸಾಲದು. ನೋವಿನ ತಜ್ಞರ ನೆರವು ಬೇಕಾಗುತ್ತದೆ.

ಮಾಡಬೇಕಾದದ್ದು

ಚಿಕಿತ್ಸೆ ಬಯಸುವವರಿಗೆ ನನ್ನ ಮೊದಲ ಮಾತು: ಕಾರ್ನಿಯಾದ ದಪ್ಪ, ಆಕಾರ ನೋಡುವಂತೆ ನಿಮ್ಮ ಕಣ್ಣೀರನ್ನೂ ಪರೀಕ್ಷಿಸಲು ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಉರಿಯುತ್ತದೆ ಎಂಬ ಕಾರಣಕ್ಕೆ ಲೇಸರ್‌ಗೆ ಬರುವವರು ಕಡಿಮೆಯಿಲ್ಲ. ಆ ಉರಿ ಮೊದಲೇ ಇರುವ ಒಣಗಣ್ಣಿನ ಸೂಚನೆ ಆಗಿರಬಹುದು. ರೆಪ್ಪೆಯ ಗ್ರಂಥಿಗಳು ಕಟ್ಟಿಕೊಂಡಿದ್ದರೆ, ಎಂಎಂಪಿ-9 ಏರಿದ್ದರೆ, ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಎರಡು ತಿಂಗಳು ತಡವಾದರೆ ನಷ್ಟವಿಲ್ಲ. ಮದುವೆಗೆ ಹದಿನೈದು ದಿನ ಇರುವಾಗ ಈ ಚಿಕಿತ್ಸೆಗೆ ಓಡಬೇಡಿ.

ಚಿಕಿತ್ಸೆ ಆದವರಿಗೆ: ವೈದ್ಯರು ಬರೆದ ಕೃತಕ ಕಣ್ಣೀರನ್ನು, ಸಾಧ್ಯವಾದರೆ ಸಂರಕ್ಷಕವಿಲ್ಲದ್ದನ್ನು, ನಿಯಮದಂತೆ ಹಾಕಿಕೊಳ್ಳಿ. ಹಲವು ಡ್ರಾಪ್ಸ್‌ಗಳಲ್ಲಿರುವ ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂಬ ಸಂರಕ್ಷಕ ಪದರದ ಜಿಡ್ಡನ್ನೇ ಒಡೆಯುತ್ತದೆ. ದಿನಕ್ಕೆ ಹತ್ತಾರು ಸಲ ಬಿದ್ದರೆ ಕೋಶಗಳಿಗೂ ಹಾನಿ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಎಸಿ ಗಾಳಿ ಆವಿಯನ್ನು ಹೆಚ್ಚಿಸುತ್ತದೆ. ನರ ಮರಳುವ ತನಕ ಎರಡನ್ನೂ ಮಿತಿಯಲ್ಲಿಡಿ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತಂದ ಸ್ಟಿರಾಯ್ಡ್ ಹನಿಗಳನ್ನು ಹಾಕಬೇಡಿ. ಉರಿ ಇಳಿದಂತೆ ಅನಿಸುತ್ತದೆ, ಒಳಗೊಳಗೇ ಕಣ್ಣಿನ ಒತ್ತಡ ಏರಿ ದೃಷ್ಟಿನರಕ್ಕೆ ಪೆಟ್ಟಾಗಬಹುದು. ಮೊಂಡು ಉರಿಯೂತಕ್ಕೆ ಸೈಕ್ಲೊಸ್ಪೊರಿನ್ ಇದೆ. ರೋಗಿಯ ರಕ್ತದಿಂದಲೇ ತಯಾರಿಸುವ ಸೀರಮ್ ಹನಿಗಳಿವೆ. ನರ ಕೆಟ್ಟು ಕಾರ್ನಿಯಾದ ಗಾಯ ಮಾಗದಿರುವ ಗಂಭೀರ ಸ್ಥಿತಿಗೆ, ನರಬೆಳವಣಿಗೆ ಅಂಶದಿಂದಲೇ ತಯಾರಾದ ಸೆನೆಗರ್ಮಿನ್ ಎಂಬ ಹನಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇಲ್ಲಿ ಕುಳಿತಿರುವ ವೈದ್ಯ ಮಿತ್ರರಲ್ಲಿ ಮತ್ತು ಮುಂದೆ ವೈದ್ಯರಾಗುವ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ ಇಡುತ್ತೇನೆ. ಲೇಸರ್‌ಗೆ ಮುನ್ನ ಕಣ್ಣೀರಿನ ಪರೀಕ್ಷೆ ಐಚ್ಛಿಕವಾಗಿರಬಾರದು, ಕಾರ್ನಿಯಾದ ನಕ್ಷೆಯಷ್ಟೇ ಕಡ್ಡಾಯವಾಗಬೇಕು. ಒಪ್ಪಿಗೆ ಪತ್ರದಲ್ಲಿ ಒಣಗಣ್ಣಿನ ಸಾಧ್ಯತೆಯನ್ನು ರೋಗಿಯ ಭಾಷೆಯಲ್ಲಿ, ಕನ್ನಡದಲ್ಲಿ, ಬಾಯಿಬಿಟ್ಟು ವಿವರಿಸಬೇಕು. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳಿಗೆ ದೃಷ್ಟಿಯ ಜೊತೆ ಕಣ್ಣೀರನ್ನೂ ಅಳೆದು ಬರೆದಿಡಬೇಕು. ನಮ್ಮ ಹವೆ, ನಮ್ಮ ಕೆಲಸದ ರೀತಿ, ನಮ್ಮ ಜನರ ಕಣ್ಣು ಇವುಗಳ ಕುರಿತ ಅಂಕಿಅಂಶ ಆಗ ನಮ್ಮಲ್ಲಿಯೇ ಬೆಳೆಯುತ್ತದೆ. 6/6 ಓದಿದ ರೋಗಿ ಉರಿ ಎಂದು ಹೇಳಿದಾಗ ಅದನ್ನು ನಂಬುವುದರಿಂದ ಈ ಕೆಲಸ ಶುರುವಾಗಲಿ. ನಂಬುವುದಕ್ಕೆ ಬೇಕಾದ ಪುರಾವೆಯನ್ನು ರಸಾಯನಶಾಸ್ತ್ರ ಈಗಾಗಲೇ ಕೊಟ್ಟಿದೆ.